ನಕ್ಷೆ, ಕಂಪಾಸು ಮತ್ತು ಜೋಗಿ ಗೌಡರ ಹಳ್ಳ

ನಿಮಗೆ ಹಾಡಲು ಬರುವುದಿಲ್ಲ ಎಂದು ಯಾರಿಗಾದರೂ ಹೇಳಿ ನೋಡಿ, ನಕ್ಕು ಒಪ್ಪಿಕೊಳ್ಳುತ್ತಾರೆ. ಲೆಕ್ಕ ಬರುವುದಿಲ್ಲ ಎಂದರೆ ಒಪ್ಪಿಕೊಳ್ಳುವುದಷ್ಟೇ ಅಲ್ಲ, ಅದಕ್ಕೆ ಕಾರಣರಾದ ಮೇಷ್ಟರ ಹೆಸರನ್ನೂ ಹೇಳುತ್ತಾರೆ. ಆದರೆ ನಿಮಗೆ ದಾರಿ ಗೊತ್ತಿಲ್ಲ ಎಂದು ಮಾತ್ರ ಯಾರಿಗೂ ಹೇಳಬೇಡಿ. ಹೇಳಿದರೆ ಜಗಳ ಕಾದಿದೆ. ಉದಕಮಂಡಲದ ಮಾರ್ಕೆಟ್ಟಿನಲ್ಲಿ ನಿಂತು ಎಲ್ಲಿಗಾದರೂ ದಾರಿ ಕೇಳಿ. ಗೊತ್ತಿಲ್ಲ ಎಂದವರನ್ನು ನಾನು ಇದುವರೆಗೆ ಕಂಡಿಲ್ಲ. ಸೊಪ್ಪಿನವಳು ಮೇಲಕ್ಕೆ ಕೈ ತೋರಿಸುತ್ತಾಳೆ, ಕಸಾಯಿಯವನು ಕೆಳಕ್ಕೆ, ಮಧ್ಯದಲ್ಲಿ ನಿಂತ ಪೋಲೀಸಿನವನು ಇಬ್ಬರೂ ಹೇಳಿದ್ದು ಸರಿಯೆನ್ನುತ್ತಾನೆ. ಇಂಥ ಊರಿನಲ್ಲಿ ಜನಕ್ಕೆ ದಾರಿ ಹುಡುಕುವುದನ್ನು ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಯಾರಿಗೆ ಏನು ಅನ್ಯಾಯ ಮಾಡಿದ್ದೆನೋ ತಿಳಿಯದು.

ನಾನು ಮೈಸೂರು ಕಡೆಯವನು. ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆಂದು ಈ ಬೆಟ್ಟ ಹತ್ತಿದವನು ಮತ್ತೆ ಇಳಿಯಲಿಲ್ಲ. ಮೊದಲ ಕೆಲವು ವರ್ಷ ಸರಪಳಿ ಹಿಡಿದವರ ಹಿಂದೆ ಬೆಟ್ಟಗುಡ್ಡ ಸುತ್ತಿದೆ. ಆಮೇಲೆ ಮೇಜಿನ ಮುಂದೆ ಕೂತು, ಸುತ್ತಿದ ಬೆಟ್ಟಗಳನ್ನೇ ಸಣ್ಣ ಕುಂಚದಲ್ಲಿ ತೀಡುತ್ತ ಕಾಲ ಕಳೆದೆ. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಹೇಳುವವರು ಬೇರೆ ಯಾರೂ ಇಲ್ಲದ್ದರಿಂದ ಹೇಳುತ್ತೇನೆ: ನಾನು ಬರೆದ ನಕ್ಷೆಯಲ್ಲಿ ತಪ್ಪಿರುವುದಿಲ್ಲ. ಬೆಟ್ಟದಲ್ಲಿ ಏನಾದರೂ ವ್ಯತ್ಯಾಸ ಕಂಡುಬಂದರೆ ಅದು ಬೆಟ್ಟದ ತಪ್ಪು.

ಸಂಗತಿ ಶುರುವಾದದ್ದು ಹಿಂದಿನ ವರ್ಷದ ಮಳೆಗಾಲದಲ್ಲಿ. ಕಟ್ಟಬೆಟ್ಟಿನಿಂದ ಮಗಳ ಮನೆಗೆಂದು ಬಂದ ಮುದುಕರೊಬ್ಬರು ಊರಿನ ಪಶ್ಚಿಮಕ್ಕಿರುವ ಬೋಳು ಹುಲ್ಲುಗುಡ್ಡಗಳಲ್ಲಿ ಮಂಜು ಕವಿದು ಕಾಣೆಯಾದರು. ಆ ಗುಡ್ಡಗಳನ್ನು ನೋಡದವರಿಗೆ ಹೇಳುವುದಾದರೆ, ಬಿಸಿಲಿದ್ದಾಗ ಅಷ್ಟು ಚೆಂದದ ಜಾಗ ಇನ್ನೊಂದಿಲ್ಲ. ಮಂಜು ಇಳಿದರೆ ನಿಮ್ಮ ಕೈ ನಿಮಗೇ ಕಾಣುವುದಿಲ್ಲ, ಒಂದು ಗುಡ್ಡಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಮುದುಕರನ್ನು ಹುಡುಕಲು ಅರ್ಧ ಊರೇ ಕೂಗುತ್ತ ಹೊರಟಿತು. ಹುಡುಕಲು ಹೋದವರಲ್ಲಿ ಕೆಲವರು ಕಾಣೆಯಾದರು. ಅವರನ್ನು ಹುಡುಕಲು ಇನ್ನೊಂದು ಗುಂಪು ಹೋಯಿತು. ಅಷ್ಟರಲ್ಲಿ ಮುದುಕರು ತಾವಾಗಿಯೇ ಬಜಾರಿಗೆ ಬಂದು, ಚಹಾದ ಅಂಗಡಿಯಲ್ಲಿ ಕೂತು, ಊರಲ್ಲಿ ಇಷ್ಟು ಕಡಿಮೆ ಜನ ಏಕೆ ಎಂದು ವಿಚಾರಿಸಿದರು. ವಿಷಯ ತಿಳಿದ ಮೇಲೆ ಪಾಪ ಅವರೂ ಕೋಲು ಹಿಡಿದು, ಹುಡುಕುವವರನ್ನು ಹುಡುಕುವವರ ಜೊತೆ ಸೇರಿಕೊಂಡರು.

ಈ ಕಥೆ ಜಿಲ್ಲೆಯ ಕಲೆಕ್ಟರ್ ದೊರೆಯವರ ಕಿವಿಗೆ ಬಿತ್ತು. ಇನ್ನು ಮುಂದೆ ಊರಿಗೆ ಒಂದು ಸ್ವಯಂಸೇವಕರ ಪಡೆ ಇರಬೇಕು, ಅವರಿಗೆ ನಕ್ಷೆ ಓದುವುದನ್ನೂ ಕಂಪಾಸು ಹಿಡಿದು ನಡೆಯುವುದನ್ನೂ ಕಲಿಸಬೇಕು ಎಂದು ಅಪ್ಪಣೆಯಾಯಿತು. ಕಲಿಸುವವರು ಯಾರು ಎಂಬ ಪ್ರಶ್ನೆ ಬಂದಾಗ ಕಚೇರಿಯಲ್ಲಿ ಎಲ್ಲರೂ ತಮ್ಮ ತಮ್ಮ ಮೇಜಿನ ಮೇಲೆ ಬಗ್ಗಿಕೊಂಡರಂತೆ. ನಾನು ಆ ಹೊತ್ತಿನಲ್ಲಿ ಕುಂಚ ತೊಳೆಯಲು ಹೊರಗೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಮೇಷ್ಟರಾಗಿದ್ದೆ.

ಶಾಲೆಯೊಂದರ ಹಜಾರದಲ್ಲಿ ಭಾನುವಾರ ಬೆಳಿಗ್ಗೆ ಪಾಠ. ಹತ್ತು ಹನ್ನೆರಡು ಮಂದಿ ಬರುತ್ತಿದ್ದರು. ಎಲ್ಲರ ಬಗ್ಗೆ ಹೇಳುತ್ತ ಹೋದರೆ ನಿಮಗೂ ನನಗಾದಷ್ಟೇ ತಲೆನೋವಾದೀತು. ಮೂವರನ್ನು ಮಾತ್ರ ಪರಿಚಯ ಮಾಡಿಕೊಡುತ್ತೇನೆ. ಮೊದಲನೆಯವರು ಅದೇ ಶಾಲೆಯ ಡ್ರಿಲ್ ಮಾಸ್ತರು ವೆಂಕೋಬರಾಯರು. ಎಲುಬಿನ ಜೊತೆ ಸ್ವಲ್ಪ ಮೀಸೆ, ಮೀಸೆಯ ಕೆಳಗೆ ಒಂದು ಸೀಟಿ, ಕಂಕುಳಲ್ಲಿ ತುದಿಗೆ ಕಬ್ಬಿಣ ಕಟ್ಟಿದ ಬೆತ್ತ. ಎರಡನೆಯವಳು ಮರಿಯಮ್ಮ, ಆಸ್ಪತ್ರೆಯ ನರ್ಸು. ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವವಳು. ಮುಂಜಾನೆಯ ಪೂಜೆ ಮುಗಿಸಿ ಚರ್ಚಿನಿಂದ ನೇರವಾಗಿ ಚೀಲ ಸಮೇತ ಬರುತ್ತಿದ್ದಳು. ಯಾರು ಏನು ಹೇಳಿದರೂ "ಆಮಾ ಸಾರ್, ಆಮೇಲೆ?" ಎನ್ನುವುದು ಅವಳ ಅಭ್ಯಾಸ; ಆಮಾ ಎಂದರೆ ತಮಿಳಿನಲ್ಲಿ ಹೌದು. ನಾನು ಭೂಮಿಯ ಅಯಸ್ಕಾಂತ ಶಕ್ತಿಯ ಬಗ್ಗೆ ಬಹಳ ಹೊತ್ತು ವಿವರಿಸಿ, ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ "ಆಮಾ ಸಾರ್, ಆಮೇಲೆ?" ಆಮೇಲೆ ಏನೂ ಇಲ್ಲಮ್ಮ, ಅಷ್ಟೇ, ಎನ್ನಬೇಕಾಗುತ್ತಿತ್ತು.

ಮೂರನೆಯವರು ಜೋಗಿ ಗೌಡರು. ಊರಿನಿಂದ ಕೂಗಳತೆಗಿಂತ ಸ್ವಲ್ಪ ಹೆಚ್ಚು ದೂರದ ಹಟ್ಟಿಯೊಂದರ, ಈ ಬೆಟ್ಟದ ಬಡಗ ಕುಲದವರು, ಆಲೂಗಡ್ಡೆ ಬೆಳೆಯುವವರು. ಬಿಳಿ ಮುಂಡಾಸು, ಬಿಳಿ ಹೊದಿಕೆ, ಸೊಂಟದಲ್ಲಿ ಕುಡುಗೋಲು. ಬಡಗರ ಮಾತು ನಮ್ಮ ಕನ್ನಡದ ದಾಯಾದಿ. ಅವರು ಹೇಳಿದ್ದರಲ್ಲಿ ಅರ್ಧ ನನಗೆ ತಿಳಿಯುತ್ತದೆ, ಉಳಿದ ಅರ್ಧ ತಿಳಿದಂತೆ ತಲೆಯಾಡಿಸುತ್ತೇನೆ. ಇಲ್ಲಿ ಅವರ ಮಾತನ್ನು ನನಗೆ ಕೇಳಿಸಿದ ಹಾಗೆ ಬರೆದಿದ್ದೇನೆ. ಅವರ ಹಟ್ಟಿಯವರು ಓದಿದರೆ ಕ್ಷಮಿಸಲಿ.

ಮೊದಲನೆಯ ದಿನ ಒಂದು ಅಂಗುಲಕ್ಕೆ ಒಂದು ಮೈಲಿಯಂತೆ ಬರೆದ ದೊಡ್ಡ ನಕ್ಷೆಯನ್ನು ಗೋಡೆಗೆ ತೂಗುಹಾಕಿದೆ. ನಾನೇ ಬರೆದದ್ದು. ಅದರ ಮುಂದೆ ನಿಂತರೆ ಈಗಲೂ ನನ್ನ ಎದೆ ಸ್ವಲ್ಪ ಅಗಲವಾಗುತ್ತದೆ. ಜೋಗಿ ಗೌಡರು ಹತ್ತಿರ ಬಂದು, ಮೂಗು ತಾಗುವಷ್ಟು ಹತ್ತಿರ ಬಂದು, ಬಹಳ ಹೊತ್ತು ನೋಡಿದರು. ನನಗೆ ಸಂತೋಷವಾಯಿತು. ಒಬ್ಬ ರೈತನಿಗೆ ಇಷ್ಟು ಆಸಕ್ತಿ.

"ಮಾಷ್ಟ್ರೇ, ಇದ ಬರೆದವ ಆರು?"

"ನಾನೇ, ಗೌಡ್ರೇ."

"ಎಂಗ ಹಟ್ಟಿ ಇದೇಯ?" ಎಂದು ಬೆರಳಿಟ್ಟರು.

"ಅದೇ."

"ಹಂಗಾರೆ ಈ ಹಳ್ಳ ತಪ್ಪು. ಹಳ್ಳ ಎನ್ನ ಹೊಲದ ಆಚೆ ಹೋಗುತ್ತೆ. ನಿಂಗ ಈಚೆ ಹರಿಸಿದ್ದೀರ. ತಿದ್ದಿ."

ನಾನು ನಗುತ್ತ, ಅದನ್ನು ಆಮೇಲೆ ನೋಡೋಣ, ಈಗ ನಕ್ಷೆಯ ಚಿಹ್ನೆಗಳನ್ನು ಕಲಿಯೋಣ ಎಂದೆ. ಗೌಡರು ಬೆಂಚಿಗೆ ಹೋಗಿ ಕೂತರು. ಮುಂದಿನ ವಾರ ಬಂದವರೇ ನೇರ ನಕ್ಷೆಗೆ ಹೋದರು. "ಇನ್ನೂ ತಿದ್ದಿಲ್ಲೆ" ಎಂದರು. ಅದರ ಮುಂದಿನ ವಾರವೂ ಅದೇ. ನಾನು ರಸ್ತೆ ಎಂದರೆ ಹಳ್ಳ, ನಾನು ಗುಡಿಯ ಗುರುತು ಎಂದರೆ ಹಳ್ಳ. ಮರಿಯಮ್ಮ ಒಮ್ಮೆ ಮೆಲ್ಲಗೆ ನನ್ನ ಬಳಿ ಬಂದು ವಿಷಯ ತಿಳಿಸಿದಳು. ಆ ಹಳ್ಳವೇ ಗೌಡರಿಗೂ ಅವರ ತಮ್ಮ ಬೆಳ್ಳಿಗೂ ಹೊಲದ ಗಡಿ. ಹಳ್ಳ ಮಳೆಗಾಲಕ್ಕೊಮ್ಮೆ ಜಾಗ ಬದಲಿಸಿ, ಅಣ್ಣತಮ್ಮಂದಿರು ಮಾತು ಬಿಟ್ಟು, ಎರಡು ವರ್ಷಕ್ಕೆ ಬಂತು. ಗೌಡರು ಈ ಪಡೆಗೆ ಸೇರಿದ್ದು ಕಾಣೆಯಾದವರನ್ನು ಹುಡುಕಲು ಅಲ್ಲ. ಸರಕಾರದ ನಕ್ಷೆಯಲ್ಲಿ ಹಳ್ಳ ಯಾರ ಕಡೆ ಇದೆಯೆಂದು ನೋಡಲು. ನಾನು ಬರೆದ ಹಳ್ಳ ಗೌಡರ ಹೊಲದೊಳಗೆ ಹರಿದು, ಆಚೆಯ ಜಾಗವನ್ನು ಬೆಳ್ಳಿಗೆ ಬಿಟ್ಟುಕೊಟ್ಟಿತ್ತು.

ಎತ್ತರದ ಗೆರೆಗಳ ಪಾಠ ಇನ್ನೊಂದು ಬಗೆಯ ಫಜೀತಿ. ನಕ್ಷೆಯಲ್ಲಿ ಬೆಟ್ಟವನ್ನು ಸುತ್ತಿರುವ ಕಂದು ಗೆರೆಗಳು ಒಂದೇ ಎತ್ತರದ ಜಾಗಗಳನ್ನು ಸೇರಿಸುತ್ತವೆ, ಗೆರೆಗಳು ಒತ್ತಾಗಿದ್ದರೆ ಕಡಿದು, ದೂರವಿದ್ದರೆ ಮೆಲ್ಲನೆಯ ಇಳಿಜಾರು ಎಂದೆ. ವೆಂಕೋಬರಾಯರು ಎದ್ದು ನಿಂತು, ತಾವು ಆ ಬೆಟ್ಟವನ್ನು ಎಷ್ಟೋ ಸಲ ಹತ್ತಿದ್ದಾಗಿಯೂ, ಅಂಥ ಗೆರೆ ಒಂದನ್ನೂ ಕಂಡಿಲ್ಲವೆಂದೂ, ಬಹುಶಃ ಮಳೆಗೆ ಅಳಿಸಿಹೋಗಿರಬೇಕೆಂದೂ ಹೇಳಿದರು. ಅವರು ತಮಾಷೆಗೆ ಹೇಳಲಿಲ್ಲ. ನನಗೆ ಒಂದು ಉಪಾಯ ಹೊಳೆಯಿತು. ಮುಂದಿನ ವಾರ ಮನೆಯಿಂದ ಒಂದು ದೊಡ್ಡ ಆಲೂಗಡ್ಡೆ ತಂದೆ. ಅರ್ಧಕ್ಕೆ ಕತ್ತರಿಸಿ ಮೇಜಿನ ಮೇಲೆ ಬೋರಲು ಹಾಕಿ, ನೋಡಿ ಇದೇ ಬೆಟ್ಟ, ಈಗ ಇದನ್ನು ಅಡ್ಡಡ್ಡಲಾಗಿ ಬಿಲ್ಲೆಬಿಲ್ಲೆಯಾಗಿ ಕೊಯ್ದು, ಪ್ರತಿ ಬಿಲ್ಲೆಯ ಅಂಚನ್ನು ಕಾಗದದ ಮೇಲೆ ಬರೆದರೆ ಬರುವುದೇ ಎತ್ತರದ ಗೆರೆಗಳು ಎಂದೆ. ಎಲ್ಲರೂ ಬಗ್ಗಿ ನೋಡಿದರು. ಇಷ್ಟು ದಿನದಲ್ಲಿ ಮೊದಲ ಬಾರಿ ಹಜಾರ ನಿಶ್ಶಬ್ದವಾಯಿತು. ನಾನು ಹೆಮ್ಮೆಯಿಂದ ಬಿಲ್ಲೆಗಳನ್ನು ಕೊಯ್ದು ಸಾಲಾಗಿ ಇಟ್ಟೆ.

ಜೋಗಿ ಗೌಡರು ಒಂದು ಬಿಲ್ಲೆಯನ್ನು ಎತ್ತಿ ಬೆಳಕಿಗೆ ಹಿಡಿದರು. "ಈ ಗಡ್ಡೆ ನಿಂಗ ಎಲ್ಲಿ ತಂದಿರಿ? ನಡುವಲ್ಲಿ ಕಪ್ಪು ಹತ್ತಿದೆ. ಇದ ಮನುಷ್ಯ ತಿನ್ನಕೂಡದು."

ಅಲ್ಲಿಂದ ಮುಂದೆ ಆ ದಿನದ ಪಾಠವನ್ನು ಗೌಡರೇ ನಡೆಸಿದರು. ಗಡ್ಡೆಗೆ ಬರುವ ರೋಗಗಳು, ಬಿತ್ತನೆಯ ಗಡ್ಡೆಯನ್ನು ಆರಿಸುವುದು ಹೇಗೆ, ಮಾರ್ಕೆಟ್ಟಿನಲ್ಲಿ ಮೋಸ ಹೋಗದಿರುವುದು ಹೇಗೆ. ಎಲ್ಲರೂ ಮನಸ್ಸಿಟ್ಟು ಕೇಳಿದರು. ಮರಿಯಮ್ಮ "ಆಮೇಲೆ?" ಎಂದು ಎಷ್ಟು ಸಲ ಕೇಳಿದರೂ ಗೌಡರ ಬಳಿ ಆಮೇಲೆ ಇತ್ತು. ಮುಂದಿನ ವಾರ ಅವರು ನನಗೊಂದು ಚೀಲ ಒಳ್ಳೆಯ ಗಡ್ಡೆ ತಂದುಕೊಟ್ಟರು. ಹಳ್ಳ ತಿದ್ದಲಿಕ್ಕೆ ಕೊಟ್ಟ ಲಂಚವೋ, ನನ್ನ ಬಡತನ ಕಂಡು ಬಂದ ಮರುಕವೋ, ಇಂದಿಗೂ ನಿರ್ಧರಿಸಲಾರೆ. ಮನೆಯಾಕೆ ಮಾತ್ರ ನನ್ನ ಮೇಷ್ಟರಿಕೆಯ ಬಗ್ಗೆ ಅಂದು ಮೊದಲ ಬಾರಿ ಒಳ್ಳೆಯ ಮಾತಾಡಿದಳು.

ಕಂಪಾಸಿನ ಪಾಠಕ್ಕೆ ಎಲ್ಲರನ್ನೂ ಶಾಲೆಯ ಮೈದಾನಕ್ಕೆ ಕರೆದೊಯ್ದೆ. ಕಚೇರಿಯಿಂದ ಬೇಡಿ ತಂದ ಕೆಲವು ಕಂಪಾಸುಗಳನ್ನು ಹಂಚಿ, ಸೂಜಿ ನಿಂತ ಮೇಲೆ ಉತ್ತರದಿಕ್ಕಿಗೆ ಕೈ ಚಾಚಿ ಎಂದೆ. ಎಲ್ಲರೂ ಕೈ ಚಾಚಿದರು. ಉದಕಮಂಡಲದಲ್ಲಿ ಅಷ್ಟೊಂದು ಉತ್ತರಗಳಿವೆಯೆಂದು ನನಗೆ ತಿಳಿದಿರಲಿಲ್ಲ. ಒಬ್ಬರದು ಲವ್‌ಡೇಲ್ ಕಡೆ, ಒಬ್ಬರದು ಕೆರೆಯ ಕಡೆ, ವೆಂಕೋಬರಾಯರದು ತಮ್ಮ ಮನೆಯ ಕಡೆ. ಅವರು ಸೂಜಿಯನ್ನು ಬೆರಳಿನಿಂದ ಕುಟ್ಟಿ ಕುಟ್ಟಿ ನೇರ ನಿಲ್ಲಿಸಲು ಯತ್ನಿಸುತ್ತಿದ್ದರು. ಅಲುಗಾಡುವ ಹುಡುಗರನ್ನು ಸಾಲಿನಲ್ಲಿ ನಿಲ್ಲಿಸಿ ಅಭ್ಯಾಸವಾದವರು. ನಾನು ತಾಳ್ಮೆಯಿಂದ, ಕಬ್ಬಿಣ ಹತ್ತಿರವಿದ್ದರೆ ಸೂಜಿ ಅದರ ಕಡೆ ತಿರುಗುತ್ತದೆ, ಎಲ್ಲರೂ ಮೈಮೇಲಿರುವ ಕಬ್ಬಿಣವನ್ನು ತೆಗೆದು ದೂರ ಇಡಿ ಎಂದೆ. ಮೈದಾನದ ಮೂಲೆಯಲ್ಲಿ ಗುಜರಿ ಅಂಗಡಿಯೇ ಎದ್ದಿತು. ಗೌಡರ ಕುಡುಗೋಲು, ರಾಯರ ಬೆತ್ತ, ಬೀಗದ ಕೈಗೊಂಚಲುಗಳು, ಮರಿಯಮ್ಮನ ಚೀಲದಿಂದ ಹೊರಬಂದ ಕತ್ತರಿ ಇಕ್ಕಳಗಳು. ಇಕ್ಕಳಗಳನ್ನು ನೋಡಿ ಗಂಡಸರೆಲ್ಲ ಮುಖ ತಿರುಗಿಸಿಕೊಂಡರು.

ಮತ್ತೆ ಕಂಪಾಸು ಹಿಡಿದರು. ನನ್ನಿಂದ ದೂರ ನಿಂತವರಿಗೆ ಉತ್ತರ ಸಿಕ್ಕಿತು. ಹತ್ತಿರ ನಿಂತವರಿಗೆ ಸಿಗಲಿಲ್ಲ. ನಾನು ಒಬ್ಬೊಬ್ಬರ ಬಳಿ ಹೋಗಿ ತಿದ್ದಲು ನೋಡಿದೆ. ನಾನು ಹೋದಲ್ಲೆಲ್ಲ ಸೂಜಿ ನನ್ನನ್ನೇ ನೋಡುತ್ತಿತ್ತು. ನನಗೆ ರೇಗಿತು. ಇನ್ನೂ ಯಾರೋ ಕಬ್ಬಿಣ ಬಚ್ಚಿಟ್ಟುಕೊಂಡಿದ್ದೀರಿ, ಇದು ಹುಡುಗಾಟವಲ್ಲ, ಒಂದು ಜೀವದ ಪ್ರಶ್ನೆ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ.

"ಸಾರ್," ಎಂದಳು ಮರಿಯಮ್ಮ, "ನಿಮ್ಮ ಕೊಡೆ?"

ನನ್ನ ಕಂಕುಳಲ್ಲಿ ಉಕ್ಕಿನ ಕಡ್ಡಿಗಳ ಕೊಡೆಯಿತ್ತು. ಈ ಊರಿನಲ್ಲಿ ಕೊಡೆ ಮೈಯ ಒಂದು ಅಂಗ, ಅದನ್ನು ಸಾಮಾನು ಎಂದು ಯಾರೂ ಎಣಿಸುವುದಿಲ್ಲ, ಎಂದು ನಾನು ವಿವರಿಸಲು ಹೊರಟೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಸಹಿಸಬಹುದಿತ್ತು. ಜೋಗಿ ಗೌಡರು ಬಂದು ಕೊಡೆಯನ್ನು ಗೌರವದಿಂದ ನನ್ನ ಕೈಯಿಂದ ತೆಗೆದುಕೊಂಡು ಹೋಗಿ ತಮ್ಮ ಕುಡುಗೋಲಿನ ಪಕ್ಕದಲ್ಲಿ ಇಟ್ಟರು.

ಹೀಗೆ ಬೇಸಿಗೆ ಕಳೆಯಿತು. ನಾನು ಕಲಿಸಿದ್ದರಲ್ಲಿ ಇವರಿಗೆ ಎಷ್ಟು ಹತ್ತಿತು ಎಂದು ಯಾರಾದರೂ ಕೇಳಿದರೆ ಮಾತು ಬದಲಿಸುತ್ತಿದ್ದೆ. ಕಂಪಾಸು ಹೇಳಿದ ದಿಕ್ಕಿಗೆ ನೇರವಾಗಿ ನಡೆಯಬೇಕು, ಮನಸ್ಸು ಹೇಳಿದ ಕಡೆಗೆ ಅಲ್ಲ. ಬಂದ ದಾರಿಗೇ ಹಿಂದಿರುಗಲು ಕಂಪಾಸಿನ ಮೇಲೆ ಅರ್ಧ ಸುತ್ತು ಎಣಿಸಿ ತಿರುಗಿಕೊಳ್ಳಬೇಕು. ಸಾಲಾಗಿ, ಪಕ್ಕದವನ ದನಿ ಕೇಳುವಷ್ಟು ದೂರದಲ್ಲಿ ನಡೆಯಬೇಕು. ಕಾಯುವವನು ಕಾಯುವ ಜಾಗ ಬಿಟ್ಟು ಕದಲಬಾರದು. ಈ ನಾಲ್ಕು ಮಾತನ್ನು ಕನ್ನಡದಲ್ಲಿ, ತಮಿಳಿನಲ್ಲಿ, ಬಡಗರ ಮಾತಿನಂತೆ ಕೇಳಿಸುವ ಕನ್ನಡದಲ್ಲಿ ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. ನಿದ್ದೆಯಲ್ಲೂ "ಅರ್ಧ ಸುತ್ತು, ಅರ್ಧ ಸುತ್ತು" ಎನ್ನುತ್ತೇನೆಂದು ಮನೆಯಾಕೆ ನೆರೆಮನೆಯವರಲ್ಲಿ ಹೇಳಿಕೊಂಡಿದ್ದಳು. ಅವರು ಅದನ್ನು ವಾತವೆಂದು ತಿಳಿದು ಎಣ್ಣೆ ಕಳಿಸಿದ್ದರು.

ಮಳೆ ಹಿಡಿದ ಮೊದಲ ವಾರಗಳಲ್ಲಿ ಒಂದು ಭಾನುವಾರ, ಪಾಠ ಇನ್ನೇನು ಶುರುವಾಗಬೇಕು, ಹಜಾರದ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಉಟ್ಟ ಬಿಳಿ ಬಟ್ಟೆ ಮೊಣಕಾಲಿನವರೆಗೂ ಕೆಸರಾಗಿತ್ತು. ಬೆಳ್ಳಿಯ ಹೆಂಡತಿ ನಂಜಿ ಎಂದು ಮರಿಯಮ್ಮ ಹೇಳಿದಳು. ಗೌಡರು ನಕ್ಷೆಯ ಮುಂದೆ ನಿಂತಿದ್ದವರು ತಿರುಗಲಿಲ್ಲ.

"ಅಯ್ಯಾ," ಎಂದಳು ನಂಜಿ ನನಗೆ, "ಎಂಗ ಮನೆಯವ ನೆನ್ನೆ ಎಮ್ಮೆ ಹಿಂದೆ ಹೋದವ. ಎಮ್ಮೆಯೂ ಬಂದಿಲ್ಲೆ. ಅವನೂ ಬಂದಿಲ್ಲೆ."

ಕಿಟಕಿಯಾಚೆ ಮಂಜು ಬಿಟ್ಟರೆ ಬೇರೇನೂ ಇರಲಿಲ್ಲ. ಹಿಂದಿನ ದಿನ ಮಧ್ಯಾಹ್ನದಿಂದ ಹಾಗೇ ಇತ್ತು. ರಾತ್ರಿಯ ಚಳಿ ನಮ್ಮ ಮನೆಯೊಳಗೇ ಹಲ್ಲು ಕಡಿಸಿತ್ತು.  ಗೌಡರು ತಿರುಗದೆ ನಕ್ಷೆಗೇ ಹೇಳಿದರು: "ಎಮ್ಮೆ ಎತ್ತ ಹೋತು ಅಂತ ಕೇಳಿ."

ನಾನು ನಂಜಿಯ ಕಡೆ ತಿರುಗಿ, ಎಮ್ಮೆ ಎತ್ತ ಹೋಯಿತು ಎಂದು ಕೇಳಿದೆ. ಅವಳು ಎರಡು ಮಾರು ದೂರದಲ್ಲಿ ನಿಂತಿದ್ದ ಭಾವನನ್ನು ನೋಡದೆ, "ಮೇಲಿನ ಹುಲ್ಲಿನ ಕಡೆ ಅಂತ ಹೇಳಿ" ಎಂದಳು. ನಾನು ಗೌಡರಿಗೆ ಹಾಗೇ ಹೇಳಿದೆ. "ಹೊದಿಕೆ ಇದ್ದಿತಾ ಕೇಳಿ" ಎಂದರು. ಕೇಳಿದೆ. "ಇಲ್ಲೆ ಅಂತ ಹೇಳಿ" ಎಂದಳು. ಹೀಗೆ ನಾಲ್ಕಾರು ಸಲ ನಾನು ಇಬ್ಬರ ನಡುವೆ ತಲೆ ತಿರುಗಿಸಿದೆ. ಅಷ್ಟು ಹತ್ತಿರದಲ್ಲಿ ನಿಂತ ಇಬ್ಬರಿಗೆ ಅಂಚೆಯವನಾಗಬೇಕಾಗಿ ಬಂದದ್ದಕ್ಕೆ ಬೇರೆ ದಿನವಾಗಿದ್ದರೆ ಕೂಗಾಡುತ್ತಿದ್ದೆ. ಆದರೆ ಹೊದಿಕೆ ಇರಲಿಲ್ಲ ಎಂದು ಕೇಳಿದಾಗ ಗೌಡರ ಕೈ ತಮ್ಮ ಹೊದಿಕೆಯ ಅಂಚನ್ನು ಹಿಡಿದುಕೊಂಡದ್ದನ್ನು ನೋಡಿದೆ. ಮುಂದಿನ ಪ್ರಶ್ನೆಯನ್ನೂ ದಾಟಿಸಿದೆ.

ನಕ್ಷೆಯನ್ನು ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಹರಡಿದೆ. ಮೇಲಿನ ಹುಲ್ಲುಗಾವಲಿನ ನಡುವೆ, ಎರಡು ಗುಡ್ಡಗಳ ತಗ್ಗಿನಲ್ಲಿ ಒಂದು ಒಂಟಿ ಬಂಡೆ ಇದೆ. ಸರ್ವೆಯವರು ಉಳಿಯಿಂದ ಗುರುತು ಕೆತ್ತಿದ ಬಂಡೆ. ಅಲ್ಲಿಂದ ಮೂರು ತಂಡ ಮೂರು ದಿಕ್ಕಿಗೆ ಸಾಲಾಗಿ ಹೋಗಬೇಕು, ಗುಡ್ಡದ ಅಂಚು ಮುಟ್ಟಿದ ಮೇಲೆ ಅರ್ಧ ಸುತ್ತು ತಿರುಗಿ ಬಂಡೆಗೇ ಬರಬೇಕು, ನಾನು ಬಂಡೆಯ ಮೇಲೆ ಕೂತು ಶಾಲೆಯ ಕೈಗಂಟೆ ಬಾರಿಸುತ್ತಿರುತ್ತೇನೆ ಎಂದು ಗೊತ್ತು ಮಾಡಿದೆ. ಗಂಟೆ ಹಿತ್ತಾಳೆಯದಾದ್ದರಿಂದ ಕಂಪಾಸಿಗೆ ತೊಂದರೆಯಿಲ್ಲ. ಇದನ್ನು ಯೋಚಿಸಿದ್ದಕ್ಕೆ ಯಾರೂ ಮೆಚ್ಚಲಿಲ್ಲ. ಕೊಡೆಯನ್ನು ಹಜಾರದಲ್ಲೇ ಬಿಟ್ಟೆ.

ಬಂಡೆಯವರೆಗೂ ಎಲ್ಲರೂ ಒಟ್ಟಿಗೆ ಹೋದೆವು. ಗೌಡರು ಮರಿಯಮ್ಮನ ತಂಡದಲ್ಲಿದ್ದರು. ಹೊರಡುವ ಮುಂಚೆ ಅವರು ನನ್ನ ಬಳಿ ಬಂದು, ತಮ್ಮ ಹಳ್ಳದ ಕಡೆಗೇ ಹೋಗಬೇಕು, ಬೆಳ್ಳಿ ಅಲ್ಲೇ ಇರುತ್ತಾನೆ, ಚಿಕ್ಕವನಿದ್ದಾಗಿಂದ ಅವನಿಗೆ ಅದೇ ದಾರಿ ಎಂದರು. ಅದು ಅವರಿಗೆ ಕೊಟ್ಟ ದಿಕ್ಕಾಗಿರಲಿಲ್ಲ. ಮರಿಯಮ್ಮ ನನ್ನ ಉತ್ತರಕ್ಕೆ ಕಾಯದೆ, "ಗೌಡ್ರೇ, ಸಾರ್ ಗೆರೆ ಹಾಕಿ ಕೊಟ್ಟಾಯ್ತು. ಗೆರೆ ಬಿಟ್ಟು ಒಬ್ಬರು ಹೋದರೂ ಸಾಲು ಮುರಿಯುತ್ತೆ. ನಡೀರಿ" ಎಂದಳು. ಗೌಡರು ನಡೆದರು. ಒಬ್ಬೊಬ್ಬರಾಗಿ ಮಂಜಿನೊಳಗೆ ಮರೆಯಾದರು. ವೆಂಕೋಬರಾಯರ ಸೀಟಿ ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಅದೂ ಇಲ್ಲ.

ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಂಡವನಲ್ಲ, ಮರಿಯಮ್ಮ ಹೇಳಿ ತಿಳಿದದ್ದು. ಅವರ ಗೆರೆ ನೇರವಾಗಿ ಒಂದು ಜವುಗಿನೊಳಕ್ಕೆ ಹೋಯಿತು. ಸುತ್ತಿಕೊಂಡು ಹೋಗೋಣ ಎಂದು ಎಲ್ಲರೂ ಹೇಳಿದರು. ಅವಳು ಸೀರೆ ಎತ್ತಿ ಕಟ್ಟಿ ಜವುಗಿಗಿಳಿದಳು. ನಾಚಿಕೆಯಿಂದ ಉಳಿದವರೂ ಇಳಿದರು. ಆಚೆ ದಡದ ಕಣಿವೆಯಲ್ಲಿ ಒತ್ತಾಗಿ ಬೆಳೆದ ಒಂದು ಸಣ್ಣ ಶೋಲೆಕಾಡು, ಅದರ ಅಂಚಿಗೆ ಮುಟ್ಟುವಷ್ಟರಲ್ಲಿ ಮಂಜಿನೊಳಗಿಂದ ಏನೋ ಬುಸ್ಸೆಂದಿತು. ಎಲ್ಲರೂ ನಿಂತರು. ಗೌಡರು ನಿಲ್ಲಲಿಲ್ಲ. ಅದು ಯಾರ ಎಮ್ಮೆಯ ಉಸಿರು ಎಂದು ಅವರಿಗೆ ಗೊತ್ತಿತ್ತು. ಮಾತು ಬಿಡುವ ಮುಂಚೆ ಅದು ಅವರ ಕೊಟ್ಟಿಗೆಯಲ್ಲೇ ಹುಟ್ಟಿದ್ದು. ಎಮ್ಮೆ ಕಾಡಿನಂಚಿನ ಕಲ್ಲುಗಳ ಮಧ್ಯೆ ನಿಂತಿತ್ತು. ಅದರ ಹೊಟ್ಟೆಗೆ ಬೆನ್ನು ಒತ್ತಿಕೊಂಡು, ಒಂದು ಕಾಲು ಮುರಿದು, ಬೆಳ್ಳಿ ಕೂತಿದ್ದ. ತುಟಿ ನೀಲಿಯಾಗಿತ್ತು. ಕಣ್ಣು ತೆರೆದಿತ್ತು.

ಗೌಡರು ತಮ್ಮ ಹೊದಿಕೆ ಬಿಚ್ಚಿ ಅವನಿಗೆ ಸುತ್ತಿದರು. ಎರಡು ವರ್ಷದಲ್ಲಿ ಅಣ್ಣನಿಗೆ ಬೆಳ್ಳಿ ಆಡಿದ ಮೊದಲ ಮಾತು: "ನೀ ಎನ್ನ ಹೊಲ ತುಳಿದು ಬಂದೆಯ?"

"ಇಲ್ಲೆ. ಗೆರೆ ಮೇಲೆ ಬಂದೆ" ಎಂದರು ಗೌಡರು.

ತಂಡಕ್ಕೊಂದರಂತೆ ಕೊಟ್ಟಿದ್ದ ಸೀಟಿಯನ್ನು ಮರಿಯಮ್ಮ ಊದಿದಳು. ಪಕ್ಕದ ಸಾಲಿನಿಂದ ವೆಂಕೋಬರಾಯರ ತಂಡ ಬಂದು ಸೇರಿತು, ಸ್ವಲ್ಪ ಹೊತ್ತಿಗೆ ಮೂರನೆಯದೂ. ತುದಿಯ ಕಬ್ಬಿಣ ಬಿಚ್ಚಿ ತಂದಿದ್ದ ರಾಯರ ಬೆತ್ತವನ್ನು ಮುರಿದ ಕಾಲಿಗೆ ಕಟ್ಟಿದ್ದಾಯಿತು. ಬೆಳ್ಳಿಗೆ ಆದಷ್ಟು ಬೇಗ ಬೆಂಕಿ ಬೇಕು, ಬಂಡೆಗೆ ಹಿಂದಿರುಗುವ ಬದಲು ಇಲ್ಲಿಂದ ಕೆಳಗೆ ಇಳಿದರೆ ಹಟ್ಟಿ ಹತ್ತಿರ ಎಂದು ಮರಿಯಮ್ಮ ತೀರ್ಮಾನಿಸಿದಳು. ಸರಿಯಾದ ತೀರ್ಮಾನ. ಬಂಡೆಯ ಮೇಲೆ ಮೇಷ್ಟರಿದ್ದಾರೆ, ಅವರಿಗೆ ತಿಳಿಸಿ ಎಂದು ರಾಯರಿಗೆ ಹೇಳಿದಳು. ಅದೂ ಸರಿಯೇ. ರಾಯರು ಬಂಡೆಯ ದಿಕ್ಕಿಗೆ ಮುಖ ಮಾಡಿ, ಮೂರು ಸಲ ಬಲವಾಗಿ ಸೀಟಿ ಊದಿ, ತಿಳಿಸಿದೆನೆಂದು ವರದಿ ಒಪ್ಪಿಸಿದರು. ಗೌಡರು ತಮ್ಮನನ್ನು ಬೆನ್ನ ಮೇಲೆ ಹೊತ್ತರು. ಬೇರೆ ಯಾರಿಗೂ ಹೊರಲು ಬಿಡಲಿಲ್ಲ. ಎಮ್ಮೆ ಹಿಂದೆ ಬಂತು.

ಇತ್ತ ನಾನು ಬಂಡೆಯ ಮೇಲೆ ಕೂತು ಗಂಟೆ ಬಾರಿಸುತ್ತಿದ್ದೆ. ಗಾಳಿ ನನ್ನ ಕಡೆಯಿಂದ ಅತ್ತ ಬೀಸುತ್ತಿತ್ತೋ, ಅತ್ತಲಿಂದ ಬೇರೆತ್ತಲೋ, ಯಾವ ಸೀಟಿಯೂ ನನಗೆ ಕೇಳಿಸಲಿಲ್ಲ. ಮಳೆ ಬಂತು. ಕೊಡೆಯಿಲ್ಲ. ಮನೆಯಾಕೆ ಕಟ್ಟಿಕೊಟ್ಟ ಅವಲಕ್ಕಿ ತಿಂದೆ. ಮಳೆ ಹೋಗಿ ಮಂಜು ಬಂತು, ಮಂಜು ಹೋಗದೆಯೇ ಮತ್ತೆ ಮಳೆ ಬಂತು. ಮೊದಲು ಇವರು ಇಷ್ಟು ನಿಧಾನವೇಕೆ ಎಂದು ಬೈದುಕೊಂಡೆ. ಆಮೇಲೆ ಬೈಯುವುದು ನಿಂತಿತು. ಉತ್ತರ ಯಾವುದೆಂದು ತಿಳಿಯದೆ ಮೈದಾನದಲ್ಲಿ ದಿಕ್ಕಿಗೊಂದು ಕೈ ಚಾಚಿದ ಜನ. ಅವರ ಕೈಗೆ ಒಂದೊಂದು ಕಂಪಾಸು ಕೊಟ್ಟು ನಾನೇ ಈ ಮಂಜಿನೊಳಗೆ ಕಳಿಸಿದ್ದೆ. ಒಬ್ಬ ಬೆಳ್ಳಿಗಾಗಿ ಒಂದು ಹಜಾರದಷ್ಟು ಜನ. ಮರಿಯಮ್ಮನಿಗೆ ಮನೆಯಲ್ಲಿ ವಯಸ್ಸಾದ ತಾಯಿ. ರಾಯರಿಗೆ ಮೂರು ಹೆಣ್ಣುಮಕ್ಕಳು. ಗೌಡರ ಹಳ್ಳವನ್ನು ನಾನು ಒಂದು ಸಲ ಹೋಗಿ ನೋಡಿ ಬರಬಹುದಿತ್ತು; ಎಷ್ಟು ದೂರ. ಎದ್ದು ಹುಡುಕಲು ಹೋಗಲೇ ಎಂದು ಎಷ್ಟೋ ಸಲ ಕಾಲು ಕೆಳಗಿಟ್ಟೆ. ಆದರೆ ಕಾಯುವವನು ಕದಲಬಾರದು. ಅವರು ಬಂದಾಗ ಬಂಡೆಯ ಮೇಲೆ ಯಾರೂ ಇಲ್ಲದಿದ್ದರೆ? ಕಾಲು ಮೇಲೆತ್ತಿಕೊಂಡು ಮತ್ತೆ ಗಂಟೆ ಬಾರಿಸಿದೆ. ತೋಳು ಬಿದ್ದುಹೋಗುವಷ್ಟು ಬಾರಿಸಿದೆ. ದೇವರ ಹೆಸರುಗಳು ನೆನಪಿದ್ದಷ್ಟೂ ಮುಗಿದವು.

ಆ ಹೊತ್ತಿಗೆ ಅವರೆಲ್ಲ ಬೆಳ್ಳಿಯ ಮನೆಯಲ್ಲಿ ಬೆಂಕಿಯ ಸುತ್ತ ಕೂತು ರಾಗಿ ಹಿಟ್ಟು, ಅವರೆಕಾಳಿನ ಸಾರು ಉಣ್ಣುತ್ತಿದ್ದರು. ಬೆಳ್ಳಿಗೆ ಬಣ್ಣ ಬಂದಿತ್ತು. ನಂಜಿ ಎಲ್ಲರಿಗೂ ಎರಡನೆಯ ಸಲ ಬಡಿಸುತ್ತಿದ್ದಳು. ಆಗ ಮರಿಯಮ್ಮ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು, "ಸಾರ್ ಎಲ್ಲಿ?" ಎಂದಳಂತೆ. ಎಲ್ಲರೂ ರಾಯರನ್ನು ನೋಡಿದರು. ರಾಯರು ಎಲೆಯನ್ನು ನೋಡಿದರು.

ಕತ್ತಲಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಮಂಜಿನೊಳಗೆ ಒಂದು ಆಕಾರ ಕಂಡಿತು. ಎದೆಯ ಮುಂದೆ ಎರಡೂ ಕೈಯಲ್ಲಿ ಏನನ್ನೋ ಹಿಡಿದು, ತಲೆ ಬಗ್ಗಿಸಿ, ದೇವರ ಆರತಿ ಆರಿಹೋಗದಂತೆ ತರುವವರ ಹಾಗೆ ಹೆಜ್ಜೆ ಇಡುತ್ತ ಬರುತ್ತಿತ್ತು. ನಾನು ಕೂಗಿದೆ. ತಲೆ ಎತ್ತಲಿಲ್ಲ. ನೇರ ಬಂದು ಮೊಣಕಾಲಿನಿಂದ ನನ್ನ ಬಂಡೆಗೆ ಡಿಕ್ಕಿ ಹೊಡೆದು ನಿಂತಿತು. ಜೋಗಿ ಗೌಡರು. ಹೊದಿಕೆ ಇಲ್ಲ, ಸೊಂಟದಲ್ಲಿ ಕುಡುಗೋಲು ಇಲ್ಲ. ಕಂಪಾಸಿನಿಂದ ಕಣ್ಣೆತ್ತಿ, ಬಂಡೆಯನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು.

"ಅರ್ಧ ಸುತ್ತು" ಎಂದರು.

ನಾನು ಅವರನ್ನು ತಬ್ಬಿಕೊಂಡೆ. ಅದನ್ನು ಅವರು ನಿರೀಕ್ಷಿಸಿರಲಿಲ್ಲ, ನಾನೂ ನಿರೀಕ್ಷಿಸಿರಲಿಲ್ಲ. ಬೆಳ್ಳಿ ಸಿಕ್ಕಿದ, ಎಲ್ಲರೂ ಸುಖವಾಗಿದ್ದಾರೆ, ಗೌಡರು ಮತ್ತೆ ಆ ಕಾಡಿನಂಚಿಗೆ ಹತ್ತಿ ಅಲ್ಲಿಂದ ಹೋದ ಗೆರೆಯನ್ನೇ ಹಿಡಿದು ಬಂದರು ಎಂದು ತಿಳಿದ ಮೇಲೆ, ತಡವಾಗಿಯಾದರೂ, ಸಿಟ್ಟು ಬಂತು. ಬೆಳಗಿನಿಂದ ನಾನಿಲ್ಲಿ ಒಬ್ಬನೇ ಎಂದೆ. ಊಟಕ್ಕೆ ಕೂತಿರಾ ಎಂದೆ. ಗೌಡರು ಸಮಾಧಾನವಾಗಿ ಕೇಳಿ, ಹೊದಿಕೆಯಿಲ್ಲದ ತಮ್ಮ ಮಡಿಲಿನಿಂದ ಬಿಸಿಯಾರದ ಎರಡು ಸುಟ್ಟ ಗಡ್ಡೆ ತೆಗೆದು ಕೊಟ್ಟರು. ಇಳಿಯುವಾಗ ದಾರಿಯಲ್ಲಿ, ಮುಂದೆ ನಡೆಯುತ್ತಿದ್ದವರು ಹಿಂದಿರುಗಿ ನೋಡದೆ ಹೇಳಿದರು: "ಹಳ್ಳ ನಿಂಗ ಬರೆದ ಹಾಗೇ ಇರಲಿ, ಮಾಷ್ಟ್ರೇ. ತಿದ್ದುದು ಬೇಡ."

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಸುಖಿಯಾಗಿರುತ್ತಿದ್ದೆ. ಕಾಲು ಕೂಡಿದ ಮೇಲೆ ಬೆಳ್ಳಿ ಕೋಲೂರಿಕೊಂಡು ನಮ್ಮ ಕಚೇರಿಗೇ ಬಂದ. ಅಣ್ಣ ಹೇಳಿದ್ದೇ ಸರಿಯಂತೆ, ಹಳ್ಳ ಮೊದಲು ಆಚೆಯೇ ಹರಿಯುತ್ತಿತ್ತಂತೆ, ನಕ್ಷೆಯನ್ನು ತಿದ್ದಲೇಬೇಕಂತೆ. ಮರುದಿನ ಗೌಡರು ಬಂದು, ತಮ್ಮ ಹೇಳಿದ ಹಾಗೆ ತಿದ್ದಿದರೆ ತಾವು ಇನ್ನು ಅವನ ಮನೆ ಮೆಟ್ಟುವುದಿಲ್ಲ ಎಂದರು. ಈಗ ಇಬ್ಬರೂ ಆ ಜಾಗ ನಿನ್ನದೇ ನಿನ್ನದೇ ಎಂದು ಜಗಳವಾಡುತ್ತಾರೆ, ಮೊದಲಿಗಿಂತ ಜೋರಾಗಿ, ನನ್ನ ಮೇಜಿನ ಆಚೆಗೊಬ್ಬ ಈಚೆಗೊಬ್ಬ ನಿಂತು. ಮಾತು ಬಿಟ್ಟಿದ್ದಾಗ ಕಚೇರಿಯಲ್ಲಿ ಎಷ್ಟು ನೆಮ್ಮದಿಯಿತ್ತು.

ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಬೇರೆಯೇ ಇದೆ. ಆ ದಿನ ಗುಡ್ಡದಲ್ಲಿ ಇಬ್ಬರು ಕಾಣೆಯಾಗಿದ್ದರು, ಇಬ್ಬರೂ ಸಿಕ್ಕಿದರು ಎಂದೇ ಊರೆಲ್ಲ ಹೇಳುತ್ತದೆ. ನಾನು ಕಾಣೆಯಾಗಿರಲಿಲ್ಲ. ನಾನೆಲ್ಲಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸರ್ವೆಯವರು ಉಳಿಯಿಂದ ಕೆತ್ತಿದ ಗುರುತಿನ ಮೇಲೇ ಕೂತಿದ್ದೆ. ಇದನ್ನು ಚಹಾದ 
ಅಂಗಡಿಯಲ್ಲಿ, ಮಾರ್ಕೆಟ್ಟಿನಲ್ಲಿ, ಕಚೇರಿಯಲ್ಲಿ ಎಷ್ಟು ವಿವರಿಸಿದರೂ ಜನ "ಸಿಕ್ಕಿದಿರಲ್ಲ, ಬಿಡಿ ಸಾರ್" ಎಂದು ಬೆನ್ನು ತಟ್ಟುತ್ತಾರೆ. ಪಡೆಯ ಅಭ್ಯಾಸ ಮತ್ತೆ ಶುರುವಾದಾಗ, ಹುಡುಕಿ ಕಲಿಯಲು ಯಾರಾದರೂ ಒಬ್ಬರು ಕಾಣೆಯಾಗಬೇಕು, ಯಾರು ಆಗುತ್ತಾರೆ ಎಂಬ ಪ್ರಶ್ನೆ ಬಂತು. ವೆಂಕೋಬರಾಯರು ಎದ್ದು ನಿಂತು, ಅನುಭವವಿರುವವರೇ ಆದರೆ ಒಳ್ಳೆಯದು ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಮರಿಯಮ್ಮ ಕೂಡ.

ಅಂದಿನಿಂದ ಪಾಠ ಮಾಡುವುದು ಮರಿಯಮ್ಮ, ಕಾಣೆಯಾಗುವುದು ನಾನು. ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಗುಡ್ಡ ಹತ್ತಿ ಯಾವುದಾದರೊಂದು ಪೊದೆಯಲ್ಲೋ ಬಂಡೆಯ ಸಂದಿಯಲ್ಲೋ ಕೂರುತ್ತೇನೆ. ಅವರು ಬಂದು ಹುಡುಕಿ ಎತ್ತಿಕೊಂಡು ಹೋಗುತ್ತಾರೆ. ಚೆನ್ನಾಗಿಯೇ ಹುಡುಕುತ್ತಾರೆ, ಅದನ್ನು ಹೇಳಲೇಬೇಕು. ಆದರೂ ಒಂದೊಂದು ದಿನ ನಡುವೆ ಹಟ್ಟಿಯಲ್ಲಿ ಊಟಕ್ಕೆ ಕೂತುಬಿಡುತ್ತಾರೆಂಬ ಅನುಮಾನ ನನಗಿದೆ. ಮೊನ್ನೆ ಶನಿವಾರ ಸಂಜೆ ಮನೆಯಾಕೆ ಒಲೆಯ ಮುಂದಿನಿಂದಲೇ ಕೇಳಿದಳು:

"ನಾಳೆ ಎಷ್ಟು ಹೊತ್ತು ಕಾಣೆಯಾಗ್ತೀರಿ? ಊಟಕ್ಕೆ ಸಿಗ್ತೀರೋ, ಬುತ್ತಿ ಕಟ್ಟಲೋ?"

ನಾನು ಯೋಚಿಸಿ, ಎರಡೂ ಮಾಡಿಡು ಎಂದೆ.